ಜಗದ್ದಲ್ ಮೇಲೆ ಹೇರಿದ ಕಲ್ಲು

ಋತ್ವಿಕ್ ಘಟಕ್ ಅವರ ‘ಅಜಾಂತ್ರಿಕ್’ (1958) ಚಿತ್ರದ ಬಗ್ಗೆ ನಮ್ಮ ತರಗತಿಗಳಲ್ಲಿ ಒಂದು ಸಿದ್ಧ ಮಾತಿದೆ: ಇದು ಮನುಷ್ಯ ಮತ್ತು ಯಂತ್ರದ ನಡುವಿನ ಪ್ರೀತಿಯ ಕಥೆ. ಮಾತು ಸುಳ್ಳೇನಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಚಿತ್ರದ ಕೊನೆಯ ಭಾಗ ಕೈತಪ್ಪಿ ಹೋಗುತ್ತದೆ. ಅಲ್ಲಿ ಆ ಕಾರು ಸಾಯುವುದು ಅಲಕ್ಷ್ಯದಿಂದಲ್ಲ, ದುರಸ್ತಿಯಾದ ಮೇಲೆ. ಹಳೆಯ ಕಾರುಗಳ ಮೋಹದ ಬಗ್ಗೆ ಯಾರೇ ಮಾತಾಡಿದರೂ ನನಗೆ ಈ ಭಾಗ ನೆನಪಾಗುತ್ತದೆ.

ಸುಬೋಧ್ ಘೋಷ್ ಅವರ ಬಂಗಾಳಿ ಸಣ್ಣಕಥೆಯನ್ನು ಆಧರಿಸಿದ ಚಿತ್ರವಿದು. ಛೋಟಾ ನಾಗಪುರದ ಸಣ್ಣ ಊರೊಂದರಲ್ಲಿ ಬಿಮಲ್ ಎಂಬ ಒಂಟಿ ಮನುಷ್ಯ ಟ್ಯಾಕ್ಸಿ ಓಡಿಸುತ್ತಾನೆ (ಪಾತ್ರ ಮಾಡಿದವರು ಕಾಳಿ ಬ್ಯಾನರ್ಜಿ). ಟ್ಯಾಕ್ಸಿ ಎಂದರೆ 1920ರ ಒಂದು ಷೆವ್ರೊಲೆ. ಅದರ ಹೆಸರು ಜಗದ್ದಲ್. ಬಂಗಾಳಿಯಲ್ಲಿ ಈ ಪದವನ್ನು ಅಲುಗಿಸಲಾಗದ ಭಾರೀ ಬಂಡೆಗೆ ಬಳಸುತ್ತಾರೆ. ಚಿತ್ರದ ಹೆಸರನ್ನಂತೂ ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ‘ಅಯಾಂತ್ರಿಕ’ ಎಂದರೆ ಮುಗಿಯಿತು.

ಆರಂಭದಲ್ಲಿ ಮದುವೆಗೆ ಹೊರಟ ವರ ಮತ್ತು ಅವನ ಹಿರಿಯ ಬಂಧು ಬೇರೆ ದಾರಿ ಕಾಣದೆ ಈ ಕಾರನ್ನು ಹತ್ತುತ್ತಾರೆ. ಹರಕು ಹುಡ್ಡು, ಕುಲುಕಾಟ, ಇಬ್ಬರ ಪರದಾಟ. ನಾವು ನಗುತ್ತೇವೆ. ಆಮೇಲೆ ಬಿಮಲ್ ರೇಡಿಯೇಟರಿಗೆ ನೀರು ಹೊಯ್ಯುತ್ತಾನೆ. ಬಾಯಾರಿದ ಪ್ರಾಣಿಯೊಂದು ಗಟಗಟ ಕುಡಿದ ಸದ್ದು ಬರುತ್ತದೆ. ಹೆಡ್‌ಲೈಟುಗಳು ಕಣ್ಣಿನಂತೆ ಹೊರಳುತ್ತವೆ. ಘಟಕ್ ಇದನ್ನೆಲ್ಲ ಮುಚ್ಚುಮರೆಯಿಲ್ಲದೆ, ಸ್ವಲ್ಪ ಅತಿಯಾಗಿಯೇ ಮಾಡುತ್ತಾರೆ. ಸಿನಿಮಾ ವಿದ್ಯಾರ್ಥಿಗಳಿಗೆ ಇಲ್ಲಿ ಮುಜುಗರವಾಗುವುದನ್ನು ಕಂಡಿದ್ದೇನೆ. ಆಯುಧಪೂಜೆಯ ದಿನ ಬಸ್ಸಿಗೆ ಬೂದುಗುಂಬಳ ನಿವಾಳಿಸಿ, ಗಾಲಿಯಡಿ ನಿಂಬೆಹಣ್ಣಿಟ್ಟು ಹೊರಡುವ ನಮ್ಮ ಚಾಲಕರಿಗೆ ಆಗಲಿಕ್ಕಿಲ್ಲ.

ಬಿಮಲ್ ಈ ಕಾರಿನ ಮಾಲೀಕ ಎನ್ನುವುದು ಅರ್ಧ ಸತ್ಯ. ಅವನ ಅನ್ನ ಕಾರಿನಿಂದ, ಕಾರಿನ ಉಸಿರು ಅವನಿಂದ. ಊರು ಇಬ್ಬರನ್ನೂ ಗೇಲಿ ಮಾಡುತ್ತದೆ. ಅವನ ರಿಪೇರಿಯೂ ಆ ಲೆಕ್ಕದ್ದೇ: ಇವತ್ತಿನ ಬಾಡಿಗೆ ಮುಗಿಯುವಷ್ಟು, ನಾಳೆ ಬೆಳಿಗ್ಗೆ ಸ್ಟಾರ್ಟ್ ಆಗುವಷ್ಟು. ಕಾರ್ಖಾನೆಯಿಂದ ಹೊರಬಂದ ದಿನ ಅದು ಹೇಗಿತ್ತು ಎಂಬ ಕುತೂಹಲ ಅವನಿಗಿಲ್ಲ.

ಈ ಕುತೂಹಲವೇ ಇಂದು ಹಳೆಯ ಕಾರುಗಳ ಲೋಕವನ್ನು ಆಳುತ್ತಿದೆ. ಕೇಂದ್ರ ಸಾರಿಗೆ ಸಚಿವಾಲಯ 2021ರಲ್ಲಿ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯನ್ನು ನಾನು ಈ ಚಿತ್ರದ ಪಕ್ಕದಲ್ಲಿಟ್ಟು ಓದುತ್ತೇನೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು; ಮೂಲ ರೂಪ ಉಳಿದಿರಬೇಕು, ದೊಡ್ಡ ಮಾರ್ಪಾಡು ಆಗಿರಬಾರದು. ಆಗ 20,000 ರೂಪಾಯಿ ಕಟ್ಟಿದರೆ ‘ವಿಎ’ ಅಕ್ಷರಗಳಿರುವ ಫಲಕ ಸಿಗುತ್ತದೆ. ರ‍್ಯಾಲಿಗೆ, ಪ್ರದರ್ಶನಕ್ಕೆ, ಇಂಧನಕ್ಕೆ, ದುರಸ್ತಿಗೆ ರಸ್ತೆಗಿಳಿಸಬಹುದು. ದಿನನಿತ್ಯದ ಓಡಾಟಕ್ಕೋ ವಾಣಿಜ್ಯ ಬಳಕೆಗೋ ಇಳಿಸುವಂತಿಲ್ಲ. ನಿಯಮದ ಉದ್ದೇಶ ಒಳ್ಳೆಯದೇ. ಆದರೆ ಅದರ ಒಳಗಿನ ಕಲ್ಪನೆಯನ್ನು ಗಮನಿಸಿ: ವಾಹನ ದುಡಿಯುವುದನ್ನು ನಿಲ್ಲಿಸಿದಾಗ ಮಾತ್ರ ಪರಂಪರೆಯಾಗುತ್ತದೆ. ಬಾಡಿಗೆ ಹೊಡೆಯುತ್ತಿರುವಷ್ಟು ದಿನ ಜಗದ್ದಲ್‌ಗೆ ಈ ಫಲಕ ಸಿಗುತ್ತಿರಲಿಲ್ಲ.

ಹಾಗೆಂದು ಸಂಗ್ರಾಹಕರನ್ನು ಹಂಗಿಸುವುದು ಸುಲಭದ ವಿಮರ್ಶೆ. ಶ್ರೀರಂಗಪಟ್ಟಣದ ಬಳಿ ‘ಪಯಣ’ ಸಂಗ್ರಹಾಲಯದಲ್ಲಿ ಧರ್ಮಸ್ಥಳದ ಹೆಗ್ಗಡೆಯವರು ಕೂಡಿಸಿದ ಕಾರುಗಳಿವೆ. ಯಾರೋ ಹಟ ಹಿಡಿದು ಉಳಿಸದಿದ್ದರೆ ಇಂಥವು ಗುಜರಿಯ ಪಾಲಾಗುತ್ತವೆ. ಆ ಬಣ್ಣದ, ಆ ಕ್ರೋಮಿನ ಹೊಳಪು ನನಗೂ ಇಷ್ಟವೇ. ನನ್ನ ತಕರಾರು ಸಣ್ಣದು. ಆ ಹೊಳಪಿನ ಮುಂದೆ ನಿಂತವರಿಗೆ ಕಾರಿನ ಹುಟ್ಟಿದ ವರ್ಷ ತಿಳಿಯುತ್ತದೆ, ಬಾಳಿದ ವರ್ಷಗಳು ತಿಳಿಯುವುದಿಲ್ಲ. ಉಜ್ಜಿ ತೆಗೆದ ಗೀರುಗಳಲ್ಲಿ ಅದನ್ನು ಓಡಿಸಿದವರಿದ್ದರು, ಗ್ರೀಸ್ ಮೆತ್ತಿದ ಕೈಗಳಿದ್ದವು.

ಈಗ ಆ ದುರಸ್ತಿಗೆ ಬರೋಣ. ನಂಬಿ ಬಂದವನಿಂದ ಮೋಸಹೋದ ಯುವತಿಯೊಬ್ಬಳು ಒಮ್ಮೆ ಬಿಮಲ್‌ನ ಕಾರಿನಲ್ಲಿ ಕೂರುತ್ತಾಳೆ. ಮೊದಲ ಬಾರಿಗೆ ಅವನ ಗಮನ ಬೇರೆಡೆ ಹರಿಯುತ್ತದೆ. ಕಾರು ಕೈಕೊಡುತ್ತದೆ. ಇದನ್ನು ಜಗದ್ದಲ್‌ನ ಹೊಟ್ಟೆಕಿಚ್ಚು ಎಂದು ಓದುವವರು ಬಹಳ. ಚಿತ್ರವೂ ಅದಕ್ಕೆ ಎಡೆಕೊಡುತ್ತದೆ. ನನಗೆ ಮುಖ್ಯವೆನಿಸುವುದು ಅನಂತರದ್ದು. ಬಿಮಲ್ ಕೂಡಿಟ್ಟ ದುಡ್ಡನ್ನೆಲ್ಲ ಬಿಡಿಭಾಗಗಳಿಗೆ ಸುರಿಯುತ್ತಾನೆ. ಹಗಲಿರುಳು ಕೂತು ಕಾರನ್ನು ಎಬ್ಬಿಸುತ್ತಾನೆ. ಕಾರು ಓಡುತ್ತದೆ, ಅವನು ಹಿಗ್ಗುತ್ತಾನೆ. ಅಲ್ಲಿಗೆ ಬಿಡುವುದಿಲ್ಲ. ಅದರ ತಾಕತ್ತು ನೋಡಲು ಅದರೊಳಗೆ ಕಲ್ಲು ಹೇರುತ್ತಾನೆ.

ಇದುವರೆಗೆ ಕಾರಿನಲ್ಲಿ ಕೂತದ್ದು ಮನುಷ್ಯರು: ವರ, ಮುದುಕ, ಪರಿತ್ಯಕ್ತೆ. ಎಲ್ಲರೂ ಎಲ್ಲಿಗೋ ಹೋಗಬೇಕಾದವರು. ಕಲ್ಲಿಗೆ ಹೋಗಬೇಕಾದ ಊರಿಲ್ಲ. ಅದು ಬರೀ ತೂಕ. ಅಲ್ಲಿಯವರೆಗೆ ಬಿಮಲ್ ಕಾರಿನ ಮಾತು ಕೇಳುತ್ತಿದ್ದ, ಗಟಗಟವನ್ನೂ ನರಳಿಕೆಯನ್ನೂ. ಈಗ ಅವನಿಗೆ ಪುರಾವೆ ಬೇಕು. ಖರ್ಚು ಮಾಡಿದವನ ಧಾಟಿ ಅವನಿಗೆ ಬಂದುಬಿಟ್ಟಿದೆ. ಹೊಸ ಭಾಗಗಳನ್ನು ಕೊಟ್ಟಿದ್ದೇನೆ, ಹೊಸದರಂತೆ ನಡೆದು ತೋರಿಸು ಎಂಬ ಧಾಟಿ. ಬಂಡೆಯ ಹೆಸರಿನ ಕಾರು ಬಂಡೆಗಳಡಿ ಕುಸಿಯುತ್ತದೆ. ರ‍್ಯಾಲಿಯಲ್ಲಿ ಅಂಕ ಹಾಕುವ ತೀರ್ಪುಗಾರನಿಗೂ ಈ ಬಿಮಲ್‌ಗೂ ಆ ಕ್ಷಣದಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ ನನಗೆ. ತೀರ್ಪುಗಾರ ಕಲ್ಲು ಹೇರುವುದಿಲ್ಲ, ಅಷ್ಟೇ.

ನಾಲ್ಕು ವರ್ಷಗಳ ನಂತರ ಸತ್ಯಜಿತ್ ರಾಯ್ ‘ಅಭಿಜಾನ್’ನಲ್ಲಿ ಇಂಥದೇ ಟ್ಯಾಕ್ಸಿ ಚಾಲಕನಿಗೆ 1930ರ ಕ್ರೈಸ್ಲರ್ ಕೊಟ್ಟರು. ಅಲ್ಲಿ ಕಾರು ಅವನ ರಜಪೂತ ಹಮ್ಮಿನ ಕುದುರೆ. ಸೊಗಸಾದ ಚಿತ್ರ, ಆದರೆ ಆ ಕ್ರೈಸ್ಲರಿಗೆ ಬಾಯಾರಿಕೆ ಇಲ್ಲ.

‘ಅಜಾಂತ್ರಿಕ್’ನಲ್ಲಿ ಬುಲಾಕಿ ಎಂಬ ಹುಚ್ಚನೊಬ್ಬ ಇದ್ದಾನೆ. ಹಳೆಯ ಪಾತ್ರೆಯೊಂದೇ ಅವನ ಸರ್ವಸ್ವ. ಕೊನೆಗೆ ಅವನಿಗೆ ಹೊಸದು ಸಿಗುತ್ತದೆ, ಹಳೆಯದು ಮರೆತೇಹೋಗುತ್ತದೆ. ಊರವರ ಬಾಯಲ್ಲಿ ಬಿಮಲ್‌ಗೂ ಹುಚ್ಚ ಎಂಬ ಹೆಸರಿತ್ತು. ಅವನಿಗೆ ಈ ಮರೆವು ಸಿಗಲಿಲ್ಲ.

ಗುಜರಿಯವನು ಜಗದ್ದಲ್‌ನ್ನು ಬಿಚ್ಚಿ, ಗಾಡಿಗೆ ಹೇರಿಕೊಂಡು ಹೊರಡುತ್ತಾನೆ. ಬಿಮಲ್ ನೋಡುತ್ತ ನಿಂತಿರುತ್ತಾನೆ. ಎಲ್ಲಿಂದಲೋ ಪರಿಚಿತ ಹಾರ್ನ್ ಕೇಳುತ್ತದೆ. ಉಳಿದುಹೋದ ಆ ಹಾರ್ನನ್ನು ಮಗುವೊಂದು ಒತ್ತುತ್ತಿದೆ. ಬಿಮಲ್ ಅಳುತ್ತಲೇ ನಗುತ್ತಾನೆ. ಇದನ್ನು ಬದುಕಿನ ಮುಂದುವರಿಕೆಯ ಸಂಕೇತ ಎಂದು ಬರೆದವರೇ ಹೆಚ್ಚು. ನನಗೆ ಆ ಸಂಕೇತಕ್ಕಿಂತ ಮಗುವಿನ ಕೈ ಮುಖ್ಯವೆನಿಸುತ್ತದೆ. ಅದಕ್ಕೆ ಷೆವ್ರೊಲೆ ಗೊತ್ತಿಲ್ಲ, 1920 ಗೊತ್ತಿಲ್ಲ. ಒತ್ತಿದರೆ ಸದ್ದು ಬರುತ್ತದೆ, ಮತ್ತೆ ಒತ್ತುತ್ತದೆ.