ಜಿಲ್ಲಾಧಿಕಾರಿಯ ಬರ, ವಾರದವನ ಬರ

ಯು.ಆರ್. ಅನಂತಮೂರ್ತಿಯವರ ‘ಬರ’ ಕತೆಯನ್ನು ಎಂ.ಎಸ್. ಸತ್ಯು 1982ರಲ್ಲಿ ಸಿನಿಮಾ ಮಾಡಿದರು. ಅನಂತನಾಗ್ ಅದರಲ್ಲಿ ಆದರ್ಶವಾದಿ ಜಿಲ್ಲಾಧಿಕಾರಿ ಸತೀಶ. ಮಳೆ ಕೈಕೊಟ್ಟ ಜಿಲ್ಲೆಯನ್ನು ಬರಪೀಡಿತವೆಂದು ಘೋಷಿಸಬೇಕೆಂದು ಅವನು ಒದ್ದಾಡುತ್ತಾನೆ. ರಾಜಕೀಯದ ಲೆಕ್ಕಾಚಾರ ಅಡ್ಡ ಬರುತ್ತದೆ. ಮೊನ್ನೆ ಮತ್ತೆ ನೋಡಿದೆ. ಮೆಚ್ಚುಗೆ ಕಡಿಮೆಯಾಗಲಿಲ್ಲ, ತಕರಾರೊಂದು ಮಾತ್ರ ಹೊಸದಾಗಿ ಹುಟ್ಟಿತು.

ಸಿನಿಮಾ ಬರವನ್ನು ಕಾಣುವುದು ಸತೀಶನ ಕಣ್ಣಿನಿಂದ. ಅವನ ಸಂಕಟ, ಅವನ ಸೋಲು ನಮಗೆ ಹತ್ತಿರದಿಂದ ಗೊತ್ತಾಗುತ್ತದೆ. ರೈತರು ಹೆಚ್ಚಾಗಿ ಗುಂಪಾಗಿ ಕಾಣುತ್ತಾರೆ. ಹೀಗಾಗಿ ಘೋಷಣೆಯೊಂದು ಆಗಿಬಿಟ್ಟರೆ ಜನ ಬದುಕಿಕೊಂಡಾರು ಎಂದು ನೋಡುವವರಿಗೂ ಅನಿಸತೊಡಗುತ್ತದೆ.

2023ರಲ್ಲಿ ಆ ಘೋಷಣೆ ಆಯಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದಾಯಿತು. ರಾಜ್ಯ ಸರ್ಕಾರ ಕೇಂದ್ರದ ಬಳಿ 18 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಕೇಳಿತು, ಸುಪ್ರೀಂ ಕೋರ್ಟಿಗೂ ಹೋಯಿತು. 2024ರ ಏಪ್ರಿಲ್‌ನಲ್ಲಿ ಸುಮಾರು 3,454 ಕೋಟಿ ಬಂತು. ಅದಕ್ಕೂ ಮೊದಲು ರಾಜ್ಯವೇ ಮೊದಲ ಕಂತಾಗಿ ತಲಾ 2,000 ರೂಪಾಯಿವರೆಗೆ ಕೊಟ್ಟಿತ್ತು. ಸತೀಶನ ಹೋರಾಟವೇ ಬೆಂಗಳೂರು–ದಿಲ್ಲಿ ನಡುವೆ ದೊಡ್ಡದಾಗಿ ನಡೆದ ಹಾಗಿತ್ತು. ಪತ್ರಿಕೆಗಳಲ್ಲಿ ನಾವು ಓದಿದ್ದೂ ಅದನ್ನೇ.

ಸಿನಿಮಾ ತಲುಪದ ಜಾಗ ಇದರಾಚೆಗಿದೆ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ, ನಮ್ಮ ಮನೆಗೆ ಹತ್ತಿರದ ಒಂದು ಕಾರ್ಖಾನೆಯ ಗೇಟಿನಲ್ಲಿ ಕಾವಲು ಕೂರುವವರೊಬ್ಬರು ಆ ವರ್ಷ ಊರಲ್ಲಿ ಎರಡು ಎಕರೆ ವಾರಕ್ಕೆ ಮಾಡಿದ್ದರು. ರಾಗಿ ಒಣಗಿತು. ಪರಿಹಾರ ಬಂತೇ ಎಂದು ಕೇಳಿದೆ. “ಒಣಗಿದ್ದು ನಂದು ಸಾರ್, ದುಡ್ಡು ಬಂದದ್ದು ಅವರಿಗೆ. ಪಹಣಿ ಅವರ್ದಲ್ವಾ?” ಅಂದರು.

ಮಳೆಯಾಶ್ರಿತ ಬೆಳೆ ಶೇ. 33ಕ್ಕಿಂತ ಹೆಚ್ಚು ಹಾಳಾದರೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರ್‌ವರೆಗೆ. ಗುಂಟೆಗೆ ಲೆಕ್ಕ ಹಾಕಿದರೆ 86 ರೂಪಾಯಿ. ಸರ್ಕಾರಿ ಕಡತದಲ್ಲಿ ಇದಕ್ಕೆ ಇನ್‌ಪುಟ್ ಸಬ್ಸಿಡಿ ಎಂದು ಹೆಸರು. ಅಂದರೆ ಬೀಜ, ಗೊಬ್ಬರಕ್ಕೆ ಹಾಕಿದ ದುಡ್ಡಿಗೆ ಒಂದಿಷ್ಟು ಆಸರೆ. ಬೀಜ ತಂದವರು ಈ ಕಾವಲುಗಾರರು. ಹಣ ಹೋದದ್ದು ಪಹಣಿಯಲ್ಲಿ ಹೆಸರಿದ್ದು, ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಾಯಿಸಿ, ಆಧಾರ್ ಜೋಡಿಸಿದವರ ಖಾತೆಗೆ. ಇದರಲ್ಲಿ ಲಂಚವಿಲ್ಲ, ಮಧ್ಯವರ್ತಿಯಿಲ್ಲ. ನಿಯಮ ಪಾಲಿಸಿಯೇ ಹಣ ತಪ್ಪಿದ ಮನೆ ಸೇರಿತು.

ವಾರದವರು ಕಾಗದ ತೋರಿಸಲಾರರು. 1974ರ ಭೂಸುಧಾರಣೆ ಅಂದಿನ ಗೇಣಿದಾರರನ್ನು ಒಡೆಯರನ್ನಾಗಿಸಿ ಗೇಣಿಯನ್ನು ನಿಷೇಧಿಸಿತು. ಹಾಗಾಗಿ ಇಂದಿನ ಒಪ್ಪಂದ ಬಾಯಿಮಾತಿನದು. ಬರೆದುಕೊಟ್ಟರೆ ಜಮೀನು ಕೈಬಿಟ್ಟೀತೆಂಬ ಭಯ ಒಡೆಯರಿಗೆ. ಕೇಳಿದರೆ ಮುಂದಿನ ವರ್ಷ ಜಮೀನು ಸಿಗಲಿಕ್ಕಿಲ್ಲವೆಂಬ ಭಯ ಇವರಿಗೆ. ಗಂಡನ ಹೆಸರಿನ ಹೊಲದಲ್ಲಿ ದುಡಿಯುವ ಹೆಂಗಸರೂ ಪಟ್ಟಿಯ ಹೊರಗೇ.

ಸತ್ಯು ಇದನ್ನೆಲ್ಲ 1982ರಲ್ಲೇ ತೋರಿಸಬೇಕಿತ್ತೆಂದು ಹೇಳುತ್ತಿಲ್ಲ. ಒಳ್ಳೆಯ ಅಧಿಕಾರಿ ಸೋಲುವ ಕತೆಯನ್ನು ಅವರು ಚೆನ್ನಾಗಿಯೇ ಹೇಳಿದ್ದಾರೆ. ಅಧಿಕಾರಿ ಗೆದ್ದು, ಹಣ ಬಿಡುಗಡೆಯಾಗಿ, ಮೊಬೈಲಿಗೆ ಬರಬೇಕಾದ ಮೆಸೇಜು ಇನ್ನೊಬ್ಬರ ಮೊಬೈಲಿಗೆ ಬರುವ ಕತೆಯನ್ನು ಈಗಿನವರು ಬರೆಯಬೇಕು. ಅದರ ನಾಯಕ ರಾತ್ರಿ ಪಾಳಿ ಮುಗಿಸಿ, ಮುಂಗಾರಿಗೆ ಮತ್ತೆ ಅದೇ ಎರಡು ಎಕರೆ ಕೇಳಲು ಊರಿನ ಬಸ್ಸು ಹತ್ತುತ್ತಾರೆ.