ಹರಾಜು ಮೊಬೈಲಲ್ಲಿ, ಒಪ್ಪಿಗೆ ರೈತನದ್ದು

ಎಐ ಏಜೆಂಟ್‌ಗಳ ಡೆಮೊ ನೋಡಿದವರಿಗೆಲ್ಲ ಈ ದೃಶ್ಯ ಗೊತ್ತು. ಬಗ್ ರಿಪೋರ್ಟ್ ಬರುತ್ತೆ. ಏಜೆಂಟ್ ಅದನ್ನು ಓದಿ ಕೋಡ್ ತಿದ್ದುತ್ತೆ, ತಾನೇ ಟೆಸ್ಟ್ ಬರೆಯುತ್ತೆ. ಇನ್ನೊಂದು ಏಜೆಂಟ್ ರಿವ್ಯೂ ಮಾಡಿ ಭೇಷ್ ಅನ್ನುತ್ತೆ. ಹಸಿರು ಟಿಕ್ ಬೀಳುತ್ತೆ, ಮೇನ್ ಬ್ರಾಂಚ್‌ಗೆ ಮರ್ಜ್ ಆಗಿಯೇಬಿಡುತ್ತೆ. ನಾವು ಕಾಫಿ ಕುಡಿದು ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತೆ. ಚಪ್ಪಾಳೆ.

ನನ್ನ ತಕರಾರು ಕೊನೆಯ ಹೆಜ್ಜೆಯ ಬಗ್ಗೆ ಮಾತ್ರ. ಬರೆಯೋದು, ಓಡಿಸೋದು, ಸರದಿಯಲ್ಲಿ ನಿಲ್ಲಿಸೋದು ಯಂತ್ರವೇ ಮಾಡಲಿ. ಆದರೆ ‘ಸರಿ, ಸೇರಿಸಿ’ ಅನ್ನುವ ಮಾತು, ತಪ್ಪಾದರೆ ಅನುಭವಿಸುವವರ ಬಾಯಿಂದಲೇ ಬರಬೇಕು.

ಇದು ಯಂತ್ರದ ಮೇಲಿನ ಸಿಟ್ಟಲ್ಲ. ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯನ್ನೇ ನೋಡಿ. ಹಿಂದೆ ಕೂಗಿ ಮಾಡುತ್ತಿದ್ದ ಹರಾಜು ಈಗ ಇ-ಹರಾಜಾಗಿದೆ. ರೈತ ತಂದ ಗೂಡಿಗೆ ಲಾಟ್ ನಂಬರ್ ಕೊಡ್ತಾರೆ, ರೀಲರ್‌ಗಳು ಗೂಡು ನೋಡಿ ಮೊಬೈಲಲ್ಲಿ ಬೆಲೆ ಹಾಕ್ತಾರೆ, ತೂಕಕ್ಕೆ ಎಲೆಕ್ಟ್ರಾನಿಕ್ ತಕ್ಕಡಿ ಇದೆ. ಇಷ್ಟೆಲ್ಲ ಯಂತ್ರಕ್ಕೆ ಕೊಟ್ಟ ಮೇಲೂ ಒಂದನ್ನು ಉಳಿಸಿಕೊಂಡಿದ್ದಾರೆ. ಬಂದ ಬೆಲೆ ಸಾಲದು ಅನ್ನಿಸಿದರೆ ರೈತ ‘ಬೇಡ’ ಅನ್ನಬಹುದು. ಹುಳ ಸಾಕಿದವನು ಅವನು, ನಷ್ಟವಾದರೆ ಅವನದ್ದೇ. ಹಾಗಾಗಿ ಕೊನೆಯ ಮಾತೂ ಅವನದ್ದೇ.

ಸಾಫ್ಟ್‌ವೇರ್ ಜಗತ್ತಿಗೂ ಇದು ಹೊಸದಲ್ಲ. ರಸ್ಟ್ ಭಾಷೆಯನ್ನು ಹುಟ್ಟುಹಾಕಿದ ಗ್ರೇಡನ್ ಹೋರ್ 2014ರಲ್ಲಿ ಒಂದು ನಿಯಮದ ಬಗ್ಗೆ ಬರೆದರು: ಟೆಸ್ಟ್‌ಗಳೆಲ್ಲ ಪಾಸಾಗುವ ಕೋಡ್ ಮಾತ್ರ ಮುಖ್ಯ ಶಾಖೆಯಲ್ಲಿ ಇರುವಂತೆ ಯಂತ್ರವೇ ನೋಡಿಕೊಳ್ಳಲಿ. ರಸ್ಟ್ ತಂಡದ ‘ಬಾರ್ಸ್’ ಎಂಬ ಬಾಟ್ ಅದನ್ನೇ ಮಾಡುತ್ತೆ. ಬದಲಾವಣೆಯನ್ನು ಈಗಿನ ಕೋಡಿನ ಜೊತೆ ಸೇರಿಸಿ ಟೆಸ್ಟ್ ಓಡಿಸುತ್ತೆ, ಪಾಸಾದರೆ ಮಾತ್ರ ಮರ್ಜ್ ಮಾಡುತ್ತೆ. ಆದರೆ ಅದು ಶುರುವಾಗಬೇಕಾದರೆ ಅಧಿಕಾರ ಇರುವ ರಿವ್ಯೂವರ್ ಒಬ್ಬರು ‘ಆರ್ ಪ್ಲಸ್’ ಅಂತ ಟೈಪ್ ಮಾಡಬೇಕು. ಈಗಿನ ಡೆಮೊಗಳು ಬಾಟ್ ಇಟ್ಟುಕೊಂಡು ಈ ಆರ್ ಪ್ಲಸ್ ಅನ್ನೇ ಎತ್ತಿ ಬಿಸಾಕಿವೆ.

‘ಟೆಸ್ಟ್ ಪಾಸಾಯ್ತಲ್ಲ, ಇನ್ನೇನು?’ ಅಂತೀರಾ? 2006ರಲ್ಲಿ ಡೆಬಿಯನ್ ತಂಡ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಒಂದು ರಿಪೇರಿ ಮಾಡಿತು. ಕೋಡ್ ಪರೀಕ್ಷಿಸುವ ಉಪಕರಣವೊಂದು ಎಚ್ಚರಿಕೆ ಕೊಡುತ್ತಿತ್ತು, ಅದಕ್ಕೆ ಕಾರಣವಾದ ಸಾಲುಗಳನ್ನು ತೆಗೆದರು. ಎಚ್ಚರಿಕೆ ನಿಂತಿತು, ಎಲ್ಲವೂ ಓಡಿತು. ಆದರೆ ಗೂಢಲಿಪಿ ಕೀಲಿಗಳಿಗೆ ಬೇಕಾದ ಯಾದೃಚ್ಛಿಕತೆಯೂ ಆ ಸಾಲುಗಳ ಜೊತೆಗೇ ಹೋಗಿತ್ತು. ಊಹಿಸಲಾಗದಂತಿರಬೇಕಿದ್ದ ಕೀಲಿಗಳು ಕೆಲವೇ ಹತ್ತು ಸಾವಿರಗಳಲ್ಲಿ ಒಂದಾಗುತ್ತಿದ್ದವು. ಇದು ಬಯಲಾಗಿದ್ದು 2008ರ ಮೇ ತಿಂಗಳಲ್ಲಿ. ಆ ತಪ್ಪು ಮಾಡಿದ್ದು ಮನುಷ್ಯರೇ, ನಿಜ. ಆದರೆ ಎಚ್ಚರಿಕೆಯ ಬಾಯಿ ಮುಚ್ಚಿಸಿ ಹಸಿರು ಟಿಕ್ ಪಡೆಯುವ ಚಾಳಿ ಏಜೆಂಟ್‌ಗಳಿಗೂ ಇದೆ. ಅವು ಅದನ್ನು ದಿನಕ್ಕೆ ನೂರು ಸಲ ಮಾಡಬಲ್ಲವು.

ಮಾಗಡಿ ಕಡೆ ಬಿತ್ತನೆ ಗೂಡು ಬೆಳೆಯುವವರಿಗೆ ಈ ಸಮಸ್ಯೆ ಹಳೆಯದು. ರೇಷ್ಮೆಯ ಗಂಟುರೋಗ ತಾಯಿಯಿಂದ ಮೊಟ್ಟೆಗೆ ಇಳಿಯುತ್ತೆ, ಮೊಟ್ಟೆ ನೋಡಿದರೆ ಏನೂ ಗೊತ್ತಾಗಲ್ಲ. ಅದಕ್ಕೇ ಬಿತ್ತನೆ ಕೋಠಿಯಲ್ಲಿ ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡ್ತಾರೆ. 1860ರ ದಶಕದಲ್ಲಿ ಲೂಯಿ ಪಾಶ್ಚರ್ ಫ್ರಾನ್ಸಿನಲ್ಲಿ ರೂಪಿಸಿದ ವಿಧಾನವಿದು. ರೋಗಾಣು ಕಂಡರೆ ಮೊಟ್ಟೆಗಳನ್ನು ನಾಶ ಮಾಡ್ತಾರೆ. ಮೊಟ್ಟೆ ಚೆನ್ನಾಗೇ ಕಾಣ್ತಿದೆಯಲ್ಲ ಅಂತ ಯಾರೂ ವಾದ ಮಾಡಲ್ಲ.

ನಮ್ಮ ಆಫೀಸುಗಳಿಗೂ ಇದನ್ನು ಅನ್ವಯಿಸಬಹುದು. ಒಂದು, ಫಿಕ್ಸ್ ಬರೆಯುವ ಮೊದಲೇ ಬಗ್ಗನ್ನು ತೋರಿಸುವ ಟೆಸ್ಟ್ ಇರಬೇಕು, ಅದು ಹಳೆ ಕೋಡಿನಲ್ಲಿ ಫೇಲ್ ಆಗಬೇಕು. ಅದೇ ಪುಲ್ ರಿಕ್ವೆಸ್ಟ್‌ನಲ್ಲಿ ಹಳೆ ಟೆಸ್ಟ್‌ಗಳನ್ನು ಮುಟ್ಟಲು ಏಜೆಂಟ್‌ಗೆ ಬಿಡಬಾರದು. ಎರಡು, ಏಜೆಂಟ್‌ನ ಟೋಕನ್‌ಗೆ ಮರ್ಜ್ ಅಧಿಕಾರವೂ ಬೇಡ, ಬ್ರಾಂಚ್ ನಿಯಮ ಬದಲಿಸುವ ಅಧಿಕಾರವೂ ಬೇಡ. ಬಗ್ ರಿಪೋರ್ಟ್ ಹೊರಗಿನವರು ಬರೆಯುವಂಥದ್ದು. ಏಜೆಂಟನ್ನು ದಾರಿ ತಪ್ಪಿಸುವ ಆಜ್ಞೆಯನ್ನು ಅದರೊಳಗೇ ಅಡಗಿಸಿಡಬಹುದು. ಮೂರು, ಏಜೆಂಟ್ ಎಷ್ಟು ಆತ್ಮವಿಶ್ವಾಸದಿಂದ ಹೇಳುತ್ತೆ ಅನ್ನೋದು ಲೆಕ್ಕಕ್ಕಿಲ್ಲ. ತಪ್ಪಾದರೆ ವಾಪಸ್ ತಗೊಳ್ಳೋಕೆ ಆಗುತ್ತಾ ಅಂತ ಕೇಳಿ.

ಈ ಮೂರನೆಯದಕ್ಕೆ ಉದಾಹರಣೆ 2024ರ ಜುಲೈ 19. ಕ್ರೌಡ್‌ಸ್ಟ್ರೈಕ್‌ನ ಒಂದು ಅಪ್‌ಡೇಟ್ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳನ್ನು ಕೆಡವಿತು. ಅಪ್‌ಡೇಟನ್ನು ಪರಿಶೀಲಿಸಬೇಕಿದ್ದ ತಂತ್ರಾಂಶದಲ್ಲೇ ಬಗ್ ಇತ್ತು. ಕಂಪನಿ ಒಂದೂವರೆ ಗಂಟೆಯೊಳಗೆ ಅದನ್ನು ಹಿಂತೆಗೆದುಕೊಂಡರೂ, ಬಿದ್ದ ಕಂಪ್ಯೂಟರ್‌ಗಳಲ್ಲಿ ಬಹಳಷ್ಟನ್ನು ಒಂದೊಂದಾಗಿ ಕೈಯಲ್ಲೇ ಎಬ್ಬಿಸಬೇಕಾಯಿತು.

ಇದಕ್ಕೆ ಒಂದು ನ್ಯಾಯವಾದ ಆಕ್ಷೇಪ ಇದೆ. ‘ದಿನಕ್ಕೆ ನಲವತ್ತು ಪುಲ್ ರಿಕ್ವೆಸ್ಟ್ ಬಂದರೆ ಯಾರು ಓದ್ತಾರೆ ಗುರೂ? ಕಣ್ಣು ಮುಚ್ಚಿ ಅಪ್ರೂವ್ ಒತ್ತುತ್ತಾರೆ.’ ಒಪ್ಪಿದೆ. ಓದದೆ ಒತ್ತುವ ಅಪ್ರೂವ್, ಇಲ್ಲದ ಅಪ್ರೂವ್‌ಗಿಂತ ಕೆಟ್ಟದ್ದು, ಯಾಕಂದ್ರೆ ಯಾರೋ ನೋಡಿದ್ದಾರೆ ಅನ್ನುವ ಸುಳ್ಳು ಧೈರ್ಯ ಕೊಡುತ್ತೆ. ಹಾಗಾದರೆ ನಲವತ್ತನ್ನು ನಾಲ್ಕಕ್ಕೆ ಇಳಿಸಿ. ಕಾಗುಣಿತ, ದಾಖಲೆ ಪುಟ, ಫಾರ್ಮ್ಯಾಟಿಂಗ್ ಇವನ್ನೆಲ್ಲ ಯಂತ್ರ ಧಾರಾಳವಾಗಿ ಸೇರಿಸಲಿ, ಕೆಟ್ಟರೆ ಒಂದು ಕ್ಲಿಕ್ಕಿನಲ್ಲಿ ವಾಪಸ್. ಲಾಗಿನ್, ಹಣ, ಡೇಟಾಬೇಸ್, ಪರ್ಮಿಶನ್ ಮುಟ್ಟುವ ಆ ನಾಲ್ಕು ಮಾತ್ರ ಮನುಷ್ಯರ ಮುಂದೆ ಬರಲಿ. ಅವನ್ನು ಓದೋಕೆ ಸಮಯವನ್ನೂ ಕೊಡಿ. ಏಜೆಂಟ್‌ನಿಂದ ಉಳಿತಾಯವಾದ ಗಂಟೆಗಳು ಇನ್ಯಾವುದಕ್ಕೆ?

ರಾತ್ರಿ ಎರಡು ಗಂಟೆಗೆ ಫೋನ್ ಬರುವುದು ಆನ್-ಕಾಲ್‌ನಲ್ಲಿ ಇರುವ ಹುಡುಗಿಗೋ ಹುಡುಗನಿಗೋ ಹೊರತು ಏಜೆಂಟ್‌ಗಲ್ಲ. ನಾಳೆ ಆಫೀಸಿಗೆ ಹೋದಾಗ ರೆಪಾಸಿಟರಿಯ ಸೆಟ್ಟಿಂಗ್ಸ್ ತೆರೆದು, ಮರ್ಜ್ ಮಾಡುವ ಅಧಿಕಾರ ಯಾರ್ಯಾರಿಗಿದೆ ಅಂತ ನೋಡಿ. ಆ ಪಟ್ಟಿಯಲ್ಲಿ ಬಾಟ್ ಇದ್ದು ಆನ್-ಕಾಲ್‌ನವರ ಹೆಸರು ಇಲ್ಲದಿದ್ದರೆ, ಅದೇ ನಿಮ್ಮ ಮೊದಲ ಬಗ್.