ಖೋಲಿಯೊಳಗಿನ ತಂತಿಗಳು

ಪಾಶ್ಚಾತ್ಯ ಸಂಗೀತದಲ್ಲಿ ‘ಚೇಂಬರ್ ಮ್ಯೂಸಿಕ್’ ಎಂಬುದೊಂದಿದೆ. ಚೇಂಬರ್ ಅಂದರೆ ಕೋಣೆ. ನಮ್ಮ ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಮಾತಿನಲ್ಲಿ ಖೋಲಿ. ಹಾಗಾದರೆ ಇದನ್ನು ಖೋಲಿ ಸಂಗೀತ ಎನ್ನಬಹುದಲ್ಲ? ಹಾಗೆಂದರೆ ಕೆಲವರು ನಗುತ್ತಾರೆ. ಖೋಲಿಯಲ್ಲಿ ಬಾಡಿಗೆಗೆ ಇರುತ್ತಾರೆ, ಖೋಲಿಯಲ್ಲಿ ಕಾಳುಕಡಿ ತುಂಬಿಡುತ್ತಾರೆ, ಸಂಗೀತ ಎಲ್ಲಿಂದ ಬಂತು ಎಂದು. ಆದರೆ ಆ ಸಂಗೀತ ಬೆಳೆದದ್ದು ನಿಜಕ್ಕೂ ಹಾಗೆಯೇ. ದೊಡ್ಡ ಸಭಾಗೃಹ ಬೇಡ, ಕೋಲು ಹಿಡಿದು ಮುಂದೆ ನಿಲ್ಲುವ ನಾಯಕ ಬೇಡ. ಒಂದು ಮನೆ, ಒಂದು ಕೋಣೆ, ಮೂರು ನಾಲ್ಕು ಜನ, ಅವರವರ ವಾದ್ಯ. ಎರಡು ಪಿಟೀಲು, ಪಿಟೀಲಿಗಿಂತ ತುಸು ದೊಡ್ಡದಾದ ವಯೋಲಾ, ಮೊಳಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ ಚೆಲ್ಲೊ, ಇವು ನಾಲ್ಕು ಕೂಡಿದರೆ ಅದು ಸ್ಟ್ರಿಂಗ್ ಕ್ವಾರ್ಟೆಟ್. 18ನೆಯ ಶತಮಾನದ ಹೈಡನ್ ಇಂಥವನ್ನು 60ಕ್ಕೂ ಹೆಚ್ಚು ಬರೆದ. ಅವನ ನಂತರದ ಬೀಥೋವನ್ 16 ಬರೆದ.

ಇದರ ಹೆಚ್ಚುಗಾರಿಕೆ ಇರುವುದು ನುಡಿಸುವುದರಲ್ಲಿ ಎಷ್ಟೋ, ಕೇಳುವುದರಲ್ಲಿ ಅಷ್ಟೇ. ಮುಂದೆ ನಿಂತು ತಾಳ ತೋರಿಸುವವರಿಲ್ಲವಾದ್ದರಿಂದ ಪಕ್ಕದವಳ ಉಸಿರು ನೋಡಿಯೇ ಕಮಾನು ಎಳೆಯಬೇಕು. ಬೇಸಿಗೆಯಲ್ಲಿ ಶಾವಿಗೆ ಹೊಸೆಯಲು ಕೂತ ನಾಲ್ಕು ಹೆಂಗಸರನ್ನು ನೀವು ನೋಡಿದ್ದೀರಿ. ಒಬ್ಬಳು ಎಳೆ ತೆಗೆದರೆ ಇನ್ನೊಬ್ಬಳು ಹಿಡಿಯುತ್ತಾಳೆ, ಯಾರೂ ‘ಈಗ ನೀನು’ ಎಂದು ಹೇಳುವುದಿಲ್ಲ, ಎಳೆ ಹರಿಯುವುದೂ ಇಲ್ಲ. ಹೆಚ್ಚುಕಡಿಮೆ ಅದೇ.

ಇನ್ನೊಂದು ಮಾತು ನಾವು ಹೆಂಗಸರು ಗಮನಿಸಬೇಕಾದದ್ದು. ಯುರೋಪಿನ ದೊಡ್ಡ ವಾದ್ಯಮೇಳಗಳು ಬಹುಕಾಲ ಹೆಣ್ಣಿಗೆ ಬಾಗಿಲು ತೆರೆಯಲಿಲ್ಲ. ಲೋಕಪ್ರಸಿದ್ಧವಾದ ವಿಯೆನ್ನಾ ಫಿಲ್‌ಹಾರ್ಮೋನಿಕ್ ಮಹಿಳೆಯರನ್ನು ಸದಸ್ಯರೆಂದು ಒಪ್ಪಿಕೊಂಡದ್ದು 1997ರಲ್ಲಿ! ಅದಕ್ಕೆ ಎಷ್ಟೋ ಮೊದಲು, 19ನೆಯ ಶತಮಾನದ ಕೊನೆಯಲ್ಲೇ, ಮಾರಿ ಸೋಲ್ಡಾಟ್ ಎಂಬ ಪಿಟೀಲುಗಾರ್ತಿ ಬರೀ ಹೆಂಗಸರ ಕ್ವಾರ್ಟೆಟ್ ಕಟ್ಟಿ ನುಡಿಸುತ್ತಿದ್ದಳು. ದೊಡ್ಡ ಮೇಳದಲ್ಲಿ ಕುರ್ಚಿ ಸಿಗದವಳು ನಾಲ್ಕು ಕುರ್ಚಿ ತಾನೇ ಹಾಕಿಕೊಂಡಳು.

ಅಲ್ಲಿಯ ವಿಶ್ವವಿದ್ಯಾಲಯಗಳಲ್ಲಿ ತಂತಿವಾದ್ಯ ಕಲಿಯುವವರಿಗೆ ಈ ಖೋಲಿ ಸಂಗೀತ ಒಂದು ಬೇರೆ ಪಾಠವೇ ಆಗಿರುತ್ತದೆ. ಮೂರು ನಾಲ್ಕು ವಿದ್ಯಾರ್ಥಿಗಳನ್ನು ಕೂಡಿಸಿ, ವರ್ಷವಿಡೀ ತಾಲೀಮು ಮಾಡಿಸಿ, ಗುರುಗಳು ಬಂದು ಕೂತು ಕೇಳಿ ತಿದ್ದುತ್ತಾರೆ. ನಮ್ಮಲ್ಲಿ?

ನಮ್ಮ ಅಕ್ಕನ ಮಗಳು ರಾಯಬಾಗದಾಕೆ. ಸಿತಾರದಲ್ಲಿ ಎಂ.ಎ. ಮಾಡಿದಳು. ಎಲ್ಲಿ ಎಂಬುದು ಇಲ್ಲಿ ಬೇಡ. ಚೆನ್ನಾಗಿ ಕಲಿಸಿದರು, ಕಲಿತಳು. ಆಲಾಪ, ಜೋಡ, ಝಾಲಾ, ಮಸೀತಖಾನಿ ಗತ್ತು, ರಜಾಖಾನಿ ಗತ್ತು, ಎಲ್ಲ ಕೈಗೆ ಬಂತು. ಅವಳ ಪಕ್ಕದ ಖೋಲಿಯಲ್ಲಿ ಒಬ್ಬ ಹುಡುಗಿ ಪಿಟೀಲು ಕಲಿಯುತ್ತಿದ್ದಳು. ಇಬ್ಬರೂ ಒಂದೇ ಹಾಸ್ಟೆಲ್ಲು, ಒಂದೇ ಡಬ್ಬಿಯಲ್ಲಿ ಊಟ. ಎರಡು ವರ್ಷದಲ್ಲಿ ಒಂದು ದಿನವಾದರೂ ಕೂಡಿ ನುಡಿಸಿದ್ದಿಲ್ಲ! ಯಾಕವ್ವಾ ಎಂದು ಕೇಳಿದೆ.

“ಮಾವಶಿ, ಇಬ್ಬರೂ ಕೂಡಿ ಬಾರಿಸಿದ್ರ ಮಾರ್ಕ್ಸು ಯಾರಿಗಿ ಕೊಡತಾರ?” ಎಂದಳು.

ನಗೆಯ ಮಾತಲ್ಲ ಇದು. ಇಡೀ ವ್ಯವಸ್ಥೆಯ ವಿಮರ್ಶೆ ಆ ಒಂದು ಮಾತಿನಲ್ಲಿದೆ. ನಾ ಕಂಡ ಪಠ್ಯಕ್ರಮಗಳಲ್ಲೆಲ್ಲ ವಾದ್ಯದ ಪರೀಕ್ಷೆ ಎಂದರೆ ಒಬ್ಬರ ಪರೀಕ್ಷೆ. ಇಷ್ಟು ರಾಗ ಬರಬೇಕು, ಪರೀಕ್ಷಕರು ಕೇಳಿದ್ದನ್ನು ನುಡಿಸಬೇಕು, ಕೊನೆಗೆ ತಬಲಾದ ಜೊತೆ ವೇದಿಕೆಯ ಮೇಲೆ ಒಂದು ಕಛೇರಿ. ನಮ್ಮ ಗಡಿ ಊರುಗಳಲ್ಲಿ ಹುಡುಗಿಯರು ಕಟ್ಟುವ ಗಾಂಧರ್ವ ಮಹಾವಿದ್ಯಾಲಯ ಮಂಡಳದ ಪರೀಕ್ಷೆಗಳಾಗಲಿ, ಪ್ರಾರಂಭಿಕದಿಂದ ವಿಶಾರದದವರೆಗೆ, ಇದೇ ಹಾದಿ. ಹೀಗೆ ಪ್ರತಿವರ್ಷ ‘ಕಲಾವಿದೆ’ಯರು ತಯಾರಾಗುತ್ತಾರೆ. ಇವರಲ್ಲಿ ವೇದಿಕೆ ಸಿಗುವುದು ಎಷ್ಟು ಜನರಿಗೆ? ಉಳಿದವರ ಸಿತಾರ ಮದುವೆಯಾದ ಮೇಲೆ ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಕಪಾಟಿನ ಮೇಲೇರುತ್ತದೆ. ಒಬ್ಬಳೇ ನುಡಿಸಲು ಮಾತ್ರ ಕಲಿತವಳಿಗೆ ವೇದಿಕೆಯಿಲ್ಲದಿದ್ದರೆ ಮುಂದೇನು ಎಂಬುದನ್ನು ಯಾರೂ ಕಲಿಸಿರುವುದಿಲ್ಲ.

ಇದಕ್ಕೊಂದು ಉತ್ತರವಿದೆ, ಬಲ್ಲವರು ಕೊಡುವ ಉತ್ತರ. ನಮ್ಮ ಸಂಗೀತ ಬೇರೆ, ಅವರದು ಬೇರೆ. ರಾಗ ಬೆಳೆಸುವುದು ಒಬ್ಬರ ಮನಸ್ಸಿನ ಕೆಲಸ, ನಾಲ್ವರು ಕೂಡಿ ಬರೆದಿಟ್ಟದ್ದನ್ನು ನುಡಿಸುವುದಲ್ಲ ಎಂದು. ಒಪ್ಪುತ್ತೇನೆ. ಸಿತಾರ, ಪಿಟೀಲು ಕೂಡಿಸಿ ಬೀಥೋವನ್ ನುಡಿಸಿರಿ ಎಂದು ನಾನು ಹೇಳುತ್ತಿಲ್ಲ. ಇನ್ನು ಕೆಲವರು ನಮ್ಮಲ್ಲಿ ಜುಗಲ್‌ಬಂದಿ ಇದೆಯಲ್ಲ ಎನ್ನುತ್ತಾರೆ. ಇದೆ. ಆದರೆ ಎಷ್ಟೋ ಜುಗಲ್‌ಬಂದಿ ಕೊನೆಗೆ ಸವಾಲು ಜವಾಬಿನ ಕುಸ್ತಿಯಾಗಿ, ಯಾರು ಎಷ್ಟು ವೇಗ ಎಂಬಲ್ಲಿಗೆ ಬಂದು, ಚಪ್ಪಾಳೆಯಲ್ಲಿ ಮುಗಿಯುತ್ತದೆ. ಕುಸ್ತಿಗೆ ನಮ್ಮ ಕಡೆ ಬೇರೆ ಕಣಗಳಿವೆ.

ನಾನು ಹೇಳುವುದು ಕೇಳುವ ವಿದ್ಯೆಯ ಬಗ್ಗೆ. ಅದು ನಮ್ಮಲ್ಲೂ ಇತ್ತು, ಖೋಲಿಯಲ್ಲೇ ಇತ್ತು. ಬೈಠಕ್ ಎಂದರೆ ಮತ್ತೇನು? ಕುಂದಗೋಳದ ನಾಡಗೀರರ ವಾಡೆಯಲ್ಲಿ ಅಬ್ದುಲ್ ಕರೀಮ್ ಖಾನರು ಉಳಿದುಕೊಳ್ಳುತ್ತಿದ್ದರು, ಹಾಡುತ್ತಿದ್ದರು. ಅವರ ಶಿಷ್ಯ ಸವಾಯಿ ಗಂಧರ್ವರಲ್ಲಿ ಪಾಠ ಹೇಳಿಸಿಕೊಳ್ಳಲು ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗುತ್ತಿದ್ದರು. ಖಾನ್ ಸಾಹೇಬರು ನೆಲೆಸಿದ್ದು ಮೀರಜಿನಲ್ಲಿ. ಮೀರಜಿನಿಂದ ಧಾರವಾಡದ ಕಡೆಗೆ ಸಂಗೀತ ಹೋದ ದಾರಿ ಯಾವುದು ನೋಡಿ: ಶೇಡಬಾಳ, ಉಗಾರ ಖುರ್ದ, ಕುಡಚಿ, ಚಿಂಚಲಿ, ರಾಯಬಾಗ, ಚಿಕ್ಕೋಡಿ ರೋಡ್. ನಮ್ಮ ಸ್ಟೇಷನ್ನುಗಳೇ. ಧಾರವಾಡದಲ್ಲಿ ಅದು ಇಳಿಯಿತು, ಬೇರು ಬಿಟ್ಟಿತು. ಸಿತಾರರತ್ನ ರಹಿಮತ್ ಖಾನರು ಅಲ್ಲಿ ನೆಲೆಸಿ ಸಿತಾರದ ಮನೆತನವನ್ನೇ ಬೆಳೆಸಿದರು. ಅವರ ಮೊಮ್ಮಗ ಬಾಲೇಖಾನ್ (1942–2007) ಆ ಹೆಸರನ್ನು ದೂರ ಒಯ್ದರು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ, ಬಸವರಾಜ ರಾಜಗುರು ಅಂಥವರು ಪಾಠ ಹೇಳಿದರು. ನಮ್ಮ ತಂಬಾಕು, ಕಬ್ಬಿನ ಊರುಗಳ ಮೇಲೆ ಮಾತ್ರ ಆ ಗಾಡಿ ಹೆಚ್ಚಾಗಿ ಹಾದುಹೋಯಿತು.

ನಮ್ಮವರಿಗೆ ಮೀರಜ ಅಂದರೆ ದವಾಖಾನೆ. ಕಾಗವಾಡದಿಂದ ಬಸ್ಸು ಹತ್ತಿದರೆ ಬಲು ಬೇಗ ಮುಟ್ಟುವ ಊರು. ಹೆರಿಗೆಗೆ, ಆಪರೇಷನ್ನಿಗೆ ಹೋಗಿ ಬಂದ ಎಷ್ಟು ಜನ ಅಲ್ಲಿಯ ಸತಾರ ಮಾಡುವವರ ಗಲ್ಲಿ ನೋಡಿದ್ದಾರೆ? ಕತ್ತಿ, ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು 19ನೆಯ ಶತಮಾನದಲ್ಲಿ ತಂತಿವಾದ್ಯ ಮಾಡಲು ಕಲಿತದ್ದು ಅಲ್ಲಿ. ಪಂಢರಪುರದ ಕಡೆಯಿಂದ ಬರುವ ದೊಡ್ಡ ದೊಡ್ಡ ಕಹಿ ಸೋರೆಯ ಬುರುಡೆಗಳನ್ನು ಒಣಗಿಸಿ, ಕೊಯ್ದು, ನೆನೆಸಿ, ಆಕಾರಕ್ಕೆ ತಂದು, ಅದಕ್ಕೆ ತುನ್ ಮರದ ದಂಡಿ ಕೂಡಿಸುತ್ತಾರೆ. ಕೊನೆಯ ಕೆಲಸ ಜವಾರಿ. ತಂತಿ ಹಾಯುವ ಘೋಡಿಯ ಮೈಯನ್ನು ಅರದಿಂದ ಕೂದಲೆಳೆಯಷ್ಟು ಉಜ್ಜುವುದು, ಕೇಳುವುದು, ಮತ್ತೆ ಉಜ್ಜುವುದು. ಅಳತೆ ಪಟ್ಟಿಯಿಲ್ಲ, ಕಿವಿಯೇ ಪಟ್ಟಿ. 2024ರಲ್ಲಿ ಮೀರಜಿನ ಸಿತಾರಕ್ಕೂ ತಂಬೂರಿಗೂ ಜಿ.ಐ. ಮಾನ್ಯತೆ ಬಂತು, ಅಂದರೆ ಈ ಹೆಸರಿನಲ್ಲಿ ಬೇರೆ ಊರಿನವರು ಮಾರುವಂತಿಲ್ಲ. ಬರಬೇಕಾದ್ದೇ.

ಈ ತಂಬೂರಿಯ ವಿಷಯಕ್ಕೆ ಬರುತ್ತೇನೆ. ನನ್ನ ತಕರಾರಿನ ತಿರುಳು ಅಲ್ಲಿದೆ.

ಅದಕ್ಕೆ ಇರುವುದು ನಾಲ್ಕು ತಂತಿ. ಮೊದಲನೆಯದು ಪಂಚಮ, ರಾಗದಲ್ಲಿ ಪಂಚಮವಿಲ್ಲದಿದ್ದರೆ ಹೆಚ್ಚಾಗಿ ಮಧ್ಯಮ. ನಡುವೆ ಜೋಡು ಷಡ್ಜ, ಕೊನೆಗೆ ಖರ್ಜ. ತಂತಿಗೂ ಘೋಡಿಗೂ ನಡುವೆ ಒಂದು ನೂಲಿನ ಎಳೆ. ಅದನ್ನು ಸರಿಸುತ್ತ ಸರಿಸುತ್ತ ಒಂದು ಜಾಗಕ್ಕೆ ಬಂದಾಗ ನಾದ ಒಮ್ಮೆಲೇ ಅರಳುತ್ತದೆ. ಅದಕ್ಕೇ ಆ ಎಳೆಗೆ ಜೀವಾಳ ಎನ್ನುತ್ತಾರೆ. ಹಾಡುವವರ ಹಿಂದೆ ಎರಡು ತಂಬೂರಿ ಇದ್ದರೆ ಎಂಟೂ ತಂತಿ ಒಂದಾಗಬೇಕು. ಹಿಡಿದವಳು ತಾಸುಗಟ್ಟಲೆ ಒಂದೇ ನಡೆಯಲ್ಲಿ ಮೀಟಬೇಕು. ತಾಳಕ್ಕೆ ಹೊಂದಬಾರದು, ಹಾಡಿಗೆ ಒಲೆಯಬಾರದು, ಶ್ರುತಿ ಇಳಿದದ್ದು ಎಲ್ಲರಿಗಿಂತ ಮೊದಲು ಅವಳಿಗೆ ತಿಳಿಯಬೇಕು. ಚೇಂಬರ್ ಮ್ಯೂಸಿಕ್ಕಿನವರು ಕಲಿಸುವ ಕೇಳುವಿಕೆ ಇದಲ್ಲದೆ ಇನ್ನೇನು?

ಆದರೆ ಕಛೇರಿಯ ನಿರೂಪಕರನ್ನು ಗಮನಿಸಿ. ತಬಲಾದವರ ಹೆಸರು ಹೇಳುತ್ತಾರೆ, ಹಾರ್ಮೋನಿಯಂ ಹೆಸರು ಹೇಳುತ್ತಾರೆ, ಅವರ ಗುರುಗಳ ಹೆಸರೂ ಹೇಳುತ್ತಾರೆ. ತಂಬೂರಿಗೆ ಬಂದಾಗ ‘ಶಿಷ್ಯೆಯರು’ ಎಂದು ಮುಗಿಸುತ್ತಾರೆ. ಕೆಲವೊಮ್ಮೆ ಅದೂ ಇಲ್ಲ. ಪದವಿಯ ಪಠ್ಯದಲ್ಲಿ ತಂಬೂರಿಯ ಚಿತ್ರ ಬರೆದು ಭಾಗಗಳನ್ನು ಹೆಸರಿಸಲು ಅಂಕಗಳಿವೆ. ಅದನ್ನು ಹಿಡಿದು ಕೂತು ಕೇಳುವುದಕ್ಕಿಲ್ಲ. ಗಂಗೂಬಾಯಿಯವರ ಹಿಂದೆ ಮಗಳು ಕೃಷ್ಣಾ ಎಷ್ಟು ವರ್ಷ ದನಿಗೂಡಿಸಿ ಕೂತರು! ಕೇಳಿದವರಿಗೆ ಗೊತ್ತು, ಆ ಎರಡು ದನಿಗಳ ನಡುವೆ ಇದ್ದದ್ದು ಬರೀ ‘ಸಾಥ್’ ಅಲ್ಲ.

ಈಗ ಆ ಜಾಗವೂ ಹೋಗುತ್ತಿದೆ. 1970ರ ದಶಕದ ಕೊನೆಗೆ ಬೆಂಗಳೂರಿನಲ್ಲಿ ಇಲೆಕ್ಟ್ರಾನಿಕ್ ತಂಬೂರಿ ತಯಾರಾಯಿತು. ಈಗ ಮೊಬೈಲಿನಲ್ಲೇ ಇದೆ. ಸೌಕರ್ಯವೇ, ಇಲ್ಲವೆನ್ನುವುದಿಲ್ಲ. ಮಗುವಿಗೆ ಹಾಲು ಕಾಸುತ್ತ ರಿಯಾಜ್ ಮಾಡುವವಳಿಗೆ ಅದು ದೊಡ್ಡ ಆಸರೆ, ನನಗೂ ಆಗಿದೆ. ಆದರೆ ವೇದಿಕೆಯ ಮೇಲೂ ಆ ಡಬ್ಬಿಯನ್ನೇ ಇಟ್ಟಾಗ ಇಬ್ಬರು ಹುಡುಗಿಯರ ಆಸನ ಹೋಯಿತು. ಗುರುವಿನ ಬೆನ್ನ ಹಿಂದೆ ಕೂತು, ಒಂದು ರಾಗ ಹೇಗೆ ಎದ್ದು ಹೇಗೆ ಕೂಡುತ್ತದೆ ಎಂದು ನೋಡುತ್ತಿದ್ದ ಶಾಲೆ ಅದು. ಫೀ ಇರಲಿಲ್ಲ, ಸರ್ಟಿಫಿಕೇಟೂ ಇರಲಿಲ್ಲ.

ವಿಶ್ವವಿದ್ಯಾಲಯ ನೋಡದ ತಂತಿ ಇನ್ನೊಂದಿದೆ. ಹೇಳಲು ಮಧ್ಯಮವರ್ಗದ ನಾವು ಹಿಂಜರಿಯುತ್ತೇವೆ. ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ, ಸವದತ್ತಿಯ ಹುಣ್ಣಿಮೆಗಳಲ್ಲಿ ಜೋಗತಿಯರ ಚೌಡಿಕೆ ಕೇಳಿದ್ದೀರಲ್ಲ? ಕೊಳಗದಂಥ ಮರದ ಪಾತ್ರೆ, ತಳಕ್ಕೆ ಚರ್ಮ, ಅದರ ನಡುವಿನಿಂದ ಹೊರಟು ಕೋಲಿಗೆ ಬಿಗಿದ ಒಂದೇ ತಂತಿ. ಒಬ್ಬಳು ಚೌಡಿಕೆ, ಒಬ್ಬಳು ಶ್ರುತಿಯ ತುಂತುಣಿ, ಒಬ್ಬಳು ತಾಳ. ಮುಂದಿನವಳು ಎತ್ತಿಕೊಟ್ಟದ್ದನ್ನು ಹಿಂದಿನವರು ಮುಗಿಸುತ್ತಾರೆ. ಯಾರೂ ಯಾರನ್ನೂ ತುಳಿಯುವುದಿಲ್ಲ. ಹೆಂಗಸರೇ ಕಟ್ಟಿದ ತಂತಿವಾದ್ಯಗಳ ಮೇಳ ನಮ್ಮ ನೆಲದಲ್ಲಿ ಇದ್ದದ್ದು ಇದು. ಆ ವಾದ್ಯದ ಜೊತೆ ದೇವದಾಸಿ ಪದ್ಧತಿಯ ಹಿಂಸೆಯೂ ಅಂಟಿಕೊಂಡಿತ್ತು. 1982ರಲ್ಲಿ ಕಾನೂನು ಮಾಡಿ ಆ ಪದ್ಧತಿಯನ್ನು ನಿಷೇಧಿಸಿದ್ದು ಸರಿಯಾದದ್ದೇ. ಆದರೆ ಅದೇ ಹೆದರಿಕೆಯಿಂದ ‘ಮರ್ಯಾದಸ್ಥರ ಮನೆಯ ಹುಡುಗಿ ನಾಲ್ಕು ಜನರ ಮುಂದೆ ತಂತಿ ಹಿಡಿಯಬಾರದು’ ಎಂದ ಅಜ್ಜಂದಿರು ನಮ್ಮ ಮನೆಗಳಲ್ಲೇ ಇದ್ದರು. ಕಾನೂನು ಪದ್ಧತಿಗೆ ಬಂತು, ವಾದ್ಯಕ್ಕಲ್ಲ. ಜಾನಪದದ ಪತ್ರಿಕೆಯಲ್ಲಿ ಐದು ಅಂಕದ ಟಿಪ್ಪಣಿಯಾಗಿ ಅಲ್ಲ, ತಾಲೀಮಿನ ಖೋಲಿಯಲ್ಲಿ ಪಾಠವಾಗಿ ಅದು ಯಾಕೆ ಬರಬಾರದು?

ಬೇರೆ ದಾರಿ ಸಾಧ್ಯ ಎನ್ನುವುದಕ್ಕೆ ಎನ್. ರಾಜಂ ಅವರನ್ನು ನೋಡಬೇಕು. ಬನಾರಸ ಹಿಂದೂ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಪಿಟೀಲು ಕಲಿಸಿದವರು, ಸಂಗೀತ ವಿಭಾಗದ ಮುಖ್ಯಸ್ಥರಾಗಿದ್ದವರು. ಅವರು, ಮಗಳು ಸಂಗೀತಾ ಶಂಕರ್, ಮೊಮ್ಮಕ್ಕಳು ರಾಗಿಣಿ ಮತ್ತು ನಂದಿನಿ, ಮೂರು ತಲೆಮಾರು ಒಂದೇ ವೇದಿಕೆಯಲ್ಲಿ ಪಿಟೀಲು ನುಡಿಸಿದ್ದಾರೆ. ಅಜ್ಜಿ ಬಿಟ್ಟ ಸ್ವರದಿಂದ ಮೊಮ್ಮಗಳು ಎತ್ತಿಕೊಳ್ಳುವುದನ್ನು ಕೇಳಿದರೆ ಅದು ಕುಸ್ತಿಯಲ್ಲ ಎಂದು ಗೊತ್ತಾಗುತ್ತದೆ. ಆದರೆ ಅದು ಒಂದು ಮನೆಯವರ ಭಾಗ್ಯ. ಮನೆಯಲ್ಲಿ ಅಂಥ ಅಜ್ಜಿಯಿಲ್ಲದ ರಾಯಬಾಗದ ಹುಡುಗಿಗೆ ಅದನ್ನು ಕೊಡಬೇಕಾದದ್ದು ವಿಶ್ವವಿದ್ಯಾಲಯವೇ ಅಲ್ಲವೆ? ಕಟ್ಟಡ ಬೇಡ, ಹೊಸ ಹುದ್ದೆ ಬೇಡ. ವಾರಕ್ಕೆರಡು ತಾಸು, ಮೂವರನ್ನು ಒಂದು ಖೋಲಿಯಲ್ಲಿ ಕೂಡಿಸಿ ಬಾಗಿಲು ಹಾಕಿದರೆ ಸಾಕು.

ಅಕ್ಕನ ಮಗಳನ್ನು ಚಿಕ್ಕೋಡಿಗೆ ಕೊಟ್ಟಿದೆ. ಅತ್ತೆ ಒಳ್ಳೆಯವರು, ಹಿಂದಿನ ಖೋಲಿಯಲ್ಲಿದ್ದ ಜೋಳದ ಚೀಲಗಳನ್ನು ತೆಗೆಸಿ ಸಿತಾರಕ್ಕೆ ಜಾಗ ಮಾಡಿಕೊಟ್ಟರು. ಬುಧವಾರ ಮಧ್ಯಾಹ್ನ ನಿಪ್ಪಾಣಿಯಿಂದ ಪಿಟೀಲು ಬಲ್ಲ ಒಬ್ಬ ಶಿಕ್ಷಕರ ಹೆಂಡತಿ, ಕಾಗವಾಡದಿಂದ ಹಾಡುವ ಹುಡುಗಿಯೊಬ್ಬಳು ಬರುತ್ತಾರೆ. ಮೊದಲ ಮೂರು ವಾರ ಬರೀ ಶ್ರುತಿಯ ಜಗಳ. ಇವಳ ಸಿತಾರದ ಷಡ್ಜ ಕಪ್ಪು ಒಂದು, ಹಾಡುವವಳ ದನಿ ಕಪ್ಪು ನಾಲ್ಕು. ಪಿಟೀಲು ಹೇಗೂ ಹೊಂದಿಕೊಳ್ಳುತ್ತದೆ, ಸಿತಾರದ ತಂತಿಗಳನ್ನು ಅಷ್ಟು ಎಳೆದರೆ ಹರಿಯುತ್ತವೆ. ಕೊನೆಗೆ ಸಿತಾರದ ಪಂಚಮವನ್ನೇ ಹಾಡಿನ ಷಡ್ಜ ಮಾಡಿಕೊಂಡರು. ಅದಕ್ಕೆ ಪರದೆಗಳನ್ನು ಸರಿಸಿ, ತರಬಿನ ತಂತಿಗಳನ್ನೆಲ್ಲ ಮತ್ತೆ ಶ್ರುತಿ ಮಾಡಬೇಕಾಯಿತು. ಯಾವ ಪುಸ್ತಕದಲ್ಲೂ ಅವಳು ಓದದಿದ್ದ ಪಾಠ ಅದು. ಗಣಪತಿ ಮಂಟಪದಲ್ಲಿ ಒಂದು ಕಾರ್ಯಕ್ರಮ ಕೊಡಿರಿ ಎಂದು ಓಣಿಯವರು ಕೇಳಿದರಂತೆ. “ಇನ್ನೂ ಒಬ್ಬರಿಗೊಬ್ಬರು ಕೇಳಸಾಕ ಹತ್ತಿಲ್ಲರೀ” ಎಂದು ಕಳಿಸಿದ್ದಾಳೆ.

ಮೂವರೂ ಸರದಿಯಂತೆ ಒಂದು ವಾರ ತಂಬೂರಿ ಹಿಡಿಯಬೇಕು, ಆ ವಾರ ಬೇರೇನೂ ಮಾಡುವಂತಿಲ್ಲ ಎಂಬ ಕಾಯಿದೆ ಅವರದು. ಹೋದ ಬುಧವಾರ ಜೋಡಿನ ತಂತಿಯೊಂದು ಹರಿಯಿತು. ಇಲ್ಲಿ ಸಿಗುವುದಿಲ್ಲ. ಕಾಗವಾಡದಾಕೆಯ ಅಣ್ಣ ಗುರುವಾರ ಮೀರಜಿಗೆ ತಾಯಿಯನ್ನು ತೋರಿಸಲು ಹೋಗುವವನಿದ್ದ. ಹಾಗೇ ಗಲ್ಲಿಗೆ ಹೋಗಿ ನಾಲ್ಕು ತಂತಿ ತಾ ಎಂದು ಚೀಟಿ ಬರೆದುಕೊಟ್ಟಿದ್ದಾಳೆ.